ಮನವೊಲಿಕೆ: ಮಾತು ಮತ್ತು ಬರಹದ ತಂತ್ರಗಳು

ಬಲಪ್ರಯೋಗವಿಲ್ಲದೆ, ಲಂಚವಿಲ್ಲದೆ, ಮಾತು ಅಥವಾ ಬರಹದಿಂದಲೇ ಇನ್ನೊಬ್ಬರ ನಂಬಿಕೆಯನ್ನೋ ನಡೆಯನ್ನೋ ಬದಲಿಸುವ ಪ್ರಯತ್ನಕ್ಕೆ ಮನವೊಲಿಕೆ ಎಂದು ಹೆಸರು. ನ್ಯಾಯಾಲಯದ ವಾದ, ಚುನಾವಣಾ ಭಾಷಣ, ಪತ್ರಿಕೆಯ ಸಂಪಾದಕೀಯ, ಧರ್ಮೋಪದೇಶ, ಜಾಹೀರಾತು, ವರ್ಗಾವಣೆ ಕೋರುವ ಅರ್ಜಿ, ಮನೆಯೊಳಗಿನ ಮದುವೆ ಮಾತುಕತೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಬಳಕೆಯಾಗುವ ಉಪಾಯಗಳನ್ನು ಗುರುತಿಸಿ, ಹೆಸರಿಟ್ಟು, ವಿಂಗಡಿಸುವ ಶಾಸ್ತ್ರವನ್ನು ಗ್ರೀಕರು ರೆಟರಿಕ್ ಎಂದು ಕರೆದರು. ಭಾರತದಲ್ಲಿ ಇದೇ ಕೆಲಸ ತರ್ಕಶಾಸ್ತ್ರ, ರಾಜನೀತಿ, ಅಲಂಕಾರಶಾಸ್ತ್ರ ಎಂಬ ಮೂರು ಕಡೆ ಹಂಚಿಹೋಯಿತು.

ಈ ವಿದ್ಯೆಯ ಬಗ್ಗೆ ಎರಡು ತಪ್ಪು ಗ್ರಹಿಕೆಗಳು ಬಹುಕಾಲದಿಂದ ಉಳಿದುಬಂದಿವೆ. ಇದು ಮರುಳು ಮಾಡುವ ವಿದ್ಯೆ, ಸತ್ಯವಂತರಿಗೆ ಬೇಡದ್ದು ಎಂಬುದು ಒಂದು. ಇದು ಹೊರಗಿನ ಸಿಂಗಾರ, ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಇನ್ನೊಂದು. ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ನಡೆದ ಚರ್ಚೆಯನ್ನೂ ಕಳೆದ ಶತಮಾನದ ಪ್ರಯೋಗಗಳನ್ನೂ ಒಟ್ಟಿಗಿಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ. ತಂತ್ರವಿಲ್ಲದ ಮಾತು ಇಲ್ಲವಾದ್ದರಿಂದ ತಂತ್ರ ಬಳಸಿದರೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ. ಆ ತಂತ್ರ ಕೇಳುಗನಿಗೆ ಮಾತನ್ನು ಪರೀಕ್ಷಿಸಲು, ಎದುರು ಹೇಳಲು ಜಾಗ ಬಿಟ್ಟಿದೆಯೇ, ಅಥವಾ ಆ ಜಾಗವನ್ನೇ ಮುಚ್ಚಿದೆಯೇ ಎಂದು ಕೇಳಬೇಕು. ತಂತ್ರ ಬಯಲಾದ ಮೇಲೂ ನಿಲ್ಲುವ ಮಾತು ನ್ಯಾಯದ ಮನವೊಲಿಕೆ. ಬಯಲಾದೊಡನೆ ಕುಸಿಯುವ ಮಾತು ವಂಚನೆ. ಮನವೊಲಿಕೆಯ ಮುಖ್ಯ ಪರಂಪರೆಗಳನ್ನೂ ತಂತ್ರಗಳನ್ನೂ ಈ ಲೇಖನ ಈ ಒಂದು ಅಳತೆಗೆ ಒಡ್ಡಿ ಪರಿಚಯಿಸುತ್ತದೆ.

ಗ್ರೀಸ್ ಮತ್ತು ರೋಮ್

ಗ್ರೀಕ್ ಸಂಪ್ರದಾಯದ ಪ್ರಕಾರ ಈ ವಿದ್ಯೆ ರೂಪ ಪಡೆದದ್ದು ಕ್ರಿ.ಪೂ. 5ನೇ ಶತಮಾನದಲ್ಲಿ, ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ. ನಿರಂಕುಶ ದೊರೆಗಳು ಉರುಳಿದ ಮೇಲೆ, ಕಳೆದುಕೊಂಡ ಜಮೀನುಗಳಿಗಾಗಿ ಜನ ವ್ಯಾಜ್ಯ ಹೂಡಿದಾಗ ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬುವರು ವಾದ ಮಂಡಿಸುವ ಕ್ರಮವನ್ನು ಕಲಿಸಿಕೊಟ್ಟರಂತೆ. ಮುಂದೆ ಈ ವಿದ್ಯೆ ಬೆಳೆದ ಅಥೆನ್ಸ್‌ನಲ್ಲಿ ವಕೀಲರಿರಲಿಲ್ಲ. ಪ್ರತಿಯೊಬ್ಬ ನಾಗರಿಕನೂ ನೂರಾರು ಮಂದಿ ನ್ಯಾಯದರ್ಶಿಗಳ ಎದುರು ತನ್ನ ಪರವಾಗಿ ತಾನೇ ಮಾತನಾಡಬೇಕಿತ್ತು. ಲಿಸಿಯಾಸ್‌ನಂಥವರು ಹಣ ಪಡೆದು ಕಕ್ಷಿದಾರನ ವಯಸ್ಸು, ಸ್ವಭಾವ, ಅಂತಸ್ತಿಗೆ ಒಪ್ಪುವ ಭಾಷಣ ಬರೆದುಕೊಡುತ್ತಿದ್ದರು. ಕ್ರಿ.ಪೂ. 427ರಲ್ಲಿ ರಾಯಭಾರಿಯಾಗಿ ಅಥೆನ್ಸ್‌ಗೆ ಬಂದ ಗೋರ್ಗಿಯಾಸ್ ತನ್ನ ಪ್ರಾಸಬದ್ಧ, ಜೋಡಿನುಡಿಯ ಶೈಲಿಯಿಂದ ಊರನ್ನೇ ಬೆರಗುಗೊಳಿಸಿದ. ಸಭೆಯಲ್ಲಿ ಮತ ಗಳಿಸಿದವನ ಮಾತೇ ಯುದ್ಧ ಮತ್ತು ಶಾಂತಿಯನ್ನು ತೀರ್ಮಾನಿಸುವ ನಗರದಲ್ಲಿ ಈ ವಿದ್ಯೆಗೆ ಬೆಲೆ ಬಂದದ್ದೂ, ಅದರ ಬಗ್ಗೆ ಭಯ ಹುಟ್ಟಿದ್ದೂ ಸಹಜ.

ಆ ಭಯಕ್ಕೆ ಮಾತು ಕೊಟ್ಟವನು ಪ್ಲೇಟೊ. ಗೋರ್ಗಿಯಾಸ್‌ನ ಹೆಸರಿನಲ್ಲೇ ಇರುವ ಸಂವಾದದಲ್ಲಿ ಅವನು ಭಾಷಣಕಲೆಯನ್ನು ಮುಖಸ್ತುತಿಯ ಸಾಲಿಗೆ ಸೇರಿಸಿದ: ವೈದ್ಯ ದೇಹಕ್ಕೆ ಹಿತವಾದದ್ದನ್ನು ಕೊಡುತ್ತಾನೆ, ಅಡುಗೆಯವನು ನಾಲಿಗೆಗೆ ರುಚಿಯಾದದ್ದನ್ನು ಕೊಡುತ್ತಾನೆ, ಭಾಷಣಕಾರ ಎರಡನೆಯವನ ಜಾತಿ ಎಂಬುದು ಅವನ ದೂರು. ಅವನ ಶಿಷ್ಯ ಅರಿಸ್ಟಾಟಲ್ ಈ ದೂರಿಗೆ ಉತ್ತರವಾಗಿ ಇಡೀ ಶಾಸ್ತ್ರವನ್ನೇ ಕಟ್ಟಿದ. ಅವನ ಪ್ರಕಾರ ಸತ್ಯ ಮತ್ತು ನ್ಯಾಯ ಸ್ವಭಾವತಃ ತಮ್ಮ ವಿರುದ್ಧ ಪಕ್ಷಗಳಿಗಿಂತ ಬಲಶಾಲಿ. ಅವು ಸೋತರೆ ತಪ್ಪು ಮಂಡಿಸಿದವರದು. ಎರಡೂ ಪಕ್ಷಗಳನ್ನು ವಾದಿಸಬಲ್ಲವನಿಗೆ ಮಾತ್ರ ಎದುರಾಳಿಯ ಕುಯುಕ್ತಿ ಕಣ್ಣಿಗೆ ಬೀಳುತ್ತದೆ. ಮೂರು ಸಂಪುಟಗಳ ತನ್ನ ಗ್ರಂಥದಲ್ಲಿ ಅವನು ಒಪ್ಪಿಸುವ ಆಧಾರಗಳನ್ನು ಮೂರಾಗಿ ವಿಂಗಡಿಸಿದ: ಆಡುವವನ ಮೇಲಿನ ನಂಬಿಕೆ, ಕೇಳುವವನಲ್ಲಿ ಹುಟ್ಟುವ ಭಾವ, ಮಾತಿನೊಳಗಿನ ತರ್ಕ. ಭಾಷಣಗಳನ್ನೂ ಮೂರಾಗಿಸಿದ: ಮುಂದೇನು ಮಾಡಬೇಕೆಂಬ ಸಭಾಭಾಷಣ, ಹಿಂದೇನಾಯಿತೆಂಬ ನ್ಯಾಯಾಲಯದ ಭಾಷಣ, ಹೊಗಳಿಕೆ-ತೆಗಳಿಕೆಯ ಸಮಾರಂಭದ ಭಾಷಣ. ಮುಂದೆ ರೋಮ್‌ನ ಸಿಸಿರೊ ಭಾಷಣಕಾರನಿಗೆ ತಿಳಿಸುವುದು, ರಂಜಿಸುವುದು, ಕದಲಿಸುವುದು ಎಂಬ ಮೂರು ಹೊಣೆಗಳನ್ನು ಹೊರಿಸಿದ. ಕ್ವಿಂಟಿಲಿಯನ್ 12 ಸಂಪುಟಗಳಲ್ಲಿ ಬಾಲ್ಯದಿಂದ ಹಿಡಿದು ವಾಗ್ಮಿಯ ಶಿಕ್ಷಣಕ್ರಮವನ್ನು ಬರೆದು, ಒಳ್ಳೆಯ ಮನುಷ್ಯನಲ್ಲದವನು ಒಳ್ಳೆಯ ವಾಗ್ಮಿಯಾಗಲಾರ ಎಂದು ಸಾರಿದ. ಈ ಕೊನೆಯ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಕೆಟ್ಟವರೂ ಚೆನ್ನಾಗಿ ಮಾತನಾಡಿದ್ದಾರೆ, ಲಕ್ಷಾಂತರ ಜನರನ್ನು ಒಲಿಸಿದ್ದಾರೆ. ಆದ್ದರಿಂದ ನ್ಯಾಯದ ಅಳತೆಯನ್ನು ಆಡುವವನ ಶೀಲದಲ್ಲಿ ಹುಡುಕಿದರೆ ಸಾಲದು, ಮಾತಿನ ಕಟ್ಟಡದಲ್ಲೇ ಹುಡುಕಬೇಕು.

ಭಾರತದ ವಾದ ಪರಂಪರೆ

ಆ ಹುಡುಕಾಟವನ್ನು ನೇರವಾಗಿ ಮಾಡಿದ್ದು ನ್ಯಾಯದರ್ಶನ. ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ನೋಡುತ್ತದೆ. ಸತ್ಯ ತಿಳಿಯಲೆಂದು ಇಬ್ಬರೂ ಪ್ರಮಾಣಗಳಿಗೆ ಬದ್ಧರಾಗಿ ನಡೆಸುವುದು ವಾದ. ಗೆಲ್ಲಲೆಂದೇ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಅನುಮಾನವನ್ನು, ಅಂದರೆ ತರ್ಕದಿಂದ ಪಡೆದ ತೀರ್ಮಾನವನ್ನು, ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಅವಯವಗಳಲ್ಲಿ ಬಿಡಿಸಿ ಹೇಳಬೇಕೆಂಬ ನಿಯಮದ ಉದ್ದೇಶ ಸ್ಪಷ್ಟವಾಗಿದೆ: ಪ್ರತಿ ಕೊಂಡಿಯೂ ಎದುರಾಳಿಗೆ ಕಾಣಬೇಕು, ಕಂಡರೆ ತಾನೇ ಪ್ರಶ್ನಿಸಬಹುದು. ಐದು ಹೇತ್ವಾಭಾಸಗಳು (ಹುಸಿ ಕಾರಣಗಳು), ಮೂರು ಛಲಗಳು (ಮಾತಿನ ಅರ್ಥ ತಿರುಚುವಿಕೆ), 24 ಜಾತಿಗಳು (ಹುಸಿ ಆಕ್ಷೇಪಗಳು), 22 ನಿಗ್ರಹಸ್ಥಾನಗಳು (ಸೋಲಿನ ಎಡೆಗಳು) ಎಂಬ ಉದ್ದನೆಯ ಪಟ್ಟಿಗಳು ಸೋಲುವ ಮತ್ತು ಮೋಸ ಮಾಡುವ ದಾರಿಗಳ ಲೆಕ್ಕ. ವಾಕ್ಛಲಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಪ್ರಸಿದ್ಧ. ಹುಡುಗನ ಬಳಿ ನವಕಂಬಳವಿದೆ ಎಂದು ಒಬ್ಬ ಹೊಸ ಕಂಬಳಿಯ ಬಗ್ಗೆ ಹೇಳಿದರೆ, ಇನ್ನೊಬ್ಬ ಒಂಬತ್ತು ಕಂಬಳಿ ಎಲ್ಲಿವೆ ತೋರಿಸು ಎನ್ನುತ್ತಾನೆ. ಇವತ್ತಿನ ಟಿ.ವಿ. ಚರ್ಚೆಗಳಲ್ಲಿ ಎದುರಿನವರ ಒಂದು ಪದವನ್ನು ಕಿತ್ತು ಹಿಡಿದು ಅರ್ಧ ಗಂಟೆ ಎಳೆಯುವುದೂ ಇದೇ ಛಲ. ವೈದ್ಯಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನ ಕೂಡ ಸ್ನೇಹದ ಸಂಭಾಷಣೆ ಮತ್ತು ಹಗೆಯ ಸಂಭಾಷಣೆ ಎಂದು ಚರ್ಚೆಯನ್ನು ಎರಡಾಗಿಸಿ, ಎದುರಾಳಿಯನ್ನೂ ಸಭೆಯನ್ನೂ ಅಳೆದು ನೋಡಿದ ಮೇಲಷ್ಟೇ ಬಾಯಿ ತೆರೆಯಬೇಕೆಂದು ವೈದ್ಯರಿಗೆ ಬುದ್ಧಿ ಹೇಳುತ್ತದೆ.

ರಾಜನೀತಿ ಇದೇ ವಿದ್ಯೆಯ ಇನ್ನೊಂದು ಮಗ್ಗುಲು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಹಸ್ತಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಶಾಸನಗಳನ್ನು ಬರೆಯುವ ಬಗ್ಗೆಯೇ ಒಂದು ಅಧ್ಯಾಯವಿದೆ. ವಿಷಯದ ಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಬರಹದ ಗುಣಗಳೆಂದು ಅಲ್ಲಿ ಹೇಳಿದೆ. ಸಾಮೋಪಾಯವನ್ನು, ಅಂದರೆ ಒಳ್ಳೆಯ ಮಾತಿನಿಂದ ಒಲಿಸಿಕೊಳ್ಳುವ ಉಪಾಯವನ್ನು, ಅದೇ ಅಧ್ಯಾಯ ಐದಾಗಿ ಬಿಡಿಸುತ್ತದೆ: ಗುಣಗಳನ್ನು ಹೊಗಳುವುದು, ನೆಂಟಸ್ತಿಕೆ ನೆನಪಿಸುವುದು, ಪರಸ್ಪರ ಉಪಕಾರ ತೋರಿಸುವುದು, ಮುಂದಿನ ಲಾಭದ ಆಸೆ ಹುಟ್ಟಿಸುವುದು, ನನ್ನದೆಲ್ಲ ನಿನ್ನದೇ ಎನ್ನುವುದು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಿಯಾಲ್ಡಿನಿ 1984ರಲ್ಲಿ ಪ್ರಭಾವದ ಆರು ತತ್ವಗಳನ್ನು ಪಟ್ಟಿ ಮಾಡಿದಾಗ ಕೊಡು-ಕೊಳ್ಳುವಿಕೆ ಮತ್ತು ಮೆಚ್ಚುಗೆ ಅದರಲ್ಲಿದ್ದವು. 2016ರಲ್ಲಿ ಅವರು ನಾವು ಒಂದೇ ಬಳಗ ಎಂಬ ಏಳನೆಯದನ್ನು ಸೇರಿಸಿದರು. ಮೂರೂ ಕೌಟಿಲ್ಯನ ಪಟ್ಟಿಯಲ್ಲಿ ಮೊದಲೇ ಇವೆ. ಮನುಷ್ಯನನ್ನು ಕದಲಿಸುವ ಹಿಡಿಕೆಗಳು ಕಾಲದೇಶಗಳನ್ನು ಮೀರಿ ಒಂದೇ ಆಗಿವೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕನ್ನಡ ನಾಡಿನಲ್ಲಿ

ವಾದ ಈ ನಾಡಿನಲ್ಲಿ ಸಾರ್ವಜನಿಕ ಗೌರವದ ವಿದ್ಯೆಯಾಗಿತ್ತು. ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿ ಸಮಂತಭದ್ರ, ಅಕಳಂಕ ಮೊದಲಾದ ಜೈನಾಚಾರ್ಯರನ್ನು ಹೊಗಳುವುದು ಅವರ ವಾದವಿಜಯಗಳಿಗಾಗಿ. ಸಮಂತಭದ್ರ ಊರೂರಿನಲ್ಲಿ ವಾದಕ್ಕೆ ಆಹ್ವಾನದ ಭೇರಿ ಬಾರಿಸಿದನೆಂದು ಅದು ಹೇಳುತ್ತದೆ. 9ನೇ ಶತಮಾನದ ಕವಿರಾಜಮಾರ್ಗ ಕಾವ್ಯದ ಗುಣದೋಷಗಳನ್ನು ಚರ್ಚಿಸುತ್ತ, ಆಡುವ ಮಾತು ಕೇಳುವವರಿಗೆ ಹೇಗೆ ತಲುಪಬೇಕೆಂಬುದನ್ನು ಕನ್ನಡದಲ್ಲಿ ಉಳಿದುಬಂದ ಮೊದಲ ಶಾಸ್ತ್ರಗ್ರಂಥದ ವಿಷಯವಾಗಿಸಿತು. 12ನೇ ಶತಮಾನದ ವಚನಕಾರರು ಶಾಸ್ತ್ರವನ್ನು ಬದಿಗಿಟ್ಟು ಹೊಸ ಮನವೊಲಿಕೆಯ ರೂಪವನ್ನೇ ಕಟ್ಟಿದರು. ವಚನದ ಮಾತು ಹೊರನೋಟಕ್ಕೆ ಇಷ್ಟದೈವಕ್ಕೆ ಸಲ್ಲುತ್ತದೆ; ಜನ ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಬಸವಣ್ಣನವರು ಎಷ್ಟೋ ಸಲ ಆರೋಪಿಯ ಸ್ಥಾನದಲ್ಲಿ ತಮ್ಮನ್ನೇ ನಿಲ್ಲಿಸಿಕೊಳ್ಳುವುದರಿಂದ, ಕೇಳುವವನು ತನ್ನನ್ನು ಸಮರ್ಥಿಸಿಕೊಳ್ಳಲು ಕೈ ಎತ್ತುವುದಿಲ್ಲ, ಒಳಗೇ ನೋಡಿಕೊಳ್ಳುತ್ತಾನೆ. ದೋಣಿ, ಮಗ್ಗ, ಒರಳು, ಹೊಲದಂಥ ದಿನಬಳಕೆಯ ನಿದರ್ಶನಗಳು ವಾದವನ್ನು ಎಲ್ಲರ ಪರೀಕ್ಷೆಗೆ ಒಡ್ಡುತ್ತವೆ, ಏಕೆಂದರೆ ಅವು ಸುಳ್ಳಾದರೆ ಆ ಕಸುಬಿನವನೇ ಹೇಳಿಬಿಡಬಲ್ಲ. ಕೊನೆಯ ಅಂಕಿತ ಈ ಮಾತಿಗೆ ಯಾರು ಹೊಣೆ ಎಂಬುದನ್ನು ತೋರಿಸುತ್ತದೆ.

ಕನಕದಾಸರ ರಾಮಧಾನ್ಯಚರಿತೆ ಮನವೊಲಿಕೆಯ ಪಾಠವಾಗಿ ಓದಬಹುದಾದ ಕೃತಿ. ಯಾವ ಧಾನ್ಯ ಶ್ರೇಷ್ಠ ಎಂದು ರಾಮನ ಎದುರು ಪ್ರಶ್ನೆ ಬಂದಾಗ ವ್ರಿಹಿ, ಅಂದರೆ ಭತ್ತ, ನರೆದಲೆಗನೆಂಬ ರಾಗಿಯನ್ನು ಹೀನರ ಅನ್ನವೆಂದು ಜರಿಯುತ್ತದೆ. ತನ್ನ ಬಳಕೆ ಉತ್ತಮರಲ್ಲಿ, ಪೂಜೆಯಲ್ಲಿ ಎಂದು ಹಿರಿಮೆ ಹೇಳಿಕೊಳ್ಳುತ್ತದೆ. ಇದರಲ್ಲಿ ಧಾನ್ಯದ ಗುಣದ ಬಗ್ಗೆ ಒಂದು ಮಾತೂ ಇಲ್ಲ. ಉಣ್ಣುವವರ ಅಂತಸ್ತನ್ನು ಉಣಿಸಿಗೆ ಅಂಟಿಸಿದ್ದಷ್ಟೇ. ರಾಗಿ ಎದುರು ನುಡಿದು, ಬರಗಾಲದಲ್ಲಿ ಜನರ ಜೀವ ಉಳಿಸುವುದು ಯಾರು ಎಂದು ಕೇಳುತ್ತದೆ. ಇಲ್ಲಿ ಚರ್ಚೆ ಹುಟ್ಟಿನಿಂದ ಉಪಯೋಗದ ಕಡೆಗೆ ತಿರುಗುತ್ತದೆ. ರಾಮ ಇಬ್ಬರ ಮಾತಿಗೂ ತಲೆದೂಗದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಂದಿರುತ್ತದೆ, ರಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಹೀಯಾಳಿಕೆಯ ತಂತ್ರ ಸೋತದ್ದು ಅದಕ್ಕಿಂತ ಚಂದದ ಮಾತಿನಿಂದಲ್ಲ. ಮಾತನ್ನು ಪರೀಕ್ಷೆಗೆ ಒಡ್ಡುವ ಕಾಲಾವಕಾಶ ಸಿಕ್ಕಿದ್ದರಿಂದ.

ಕರಾವಳಿ ಮತ್ತು ಮಲೆನಾಡಿನ ತಾಳಮದ್ದಲೆ ಈ ಪರಂಪರೆಯ ಜೀವಂತ ಶಾಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆ ಪಾತ್ರವಾಗಿ ಆಶುವಾಗಿ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯರು ಹೆಸರಾದದ್ದು ಪುರಾಣದಲ್ಲಿ ಸೋಲುವ ಪಾತ್ರಗಳಿಗೂ ಗೆಲ್ಲುವಷ್ಟು ಬಲವಾದ ಮಾತು ಕೊಟ್ಟದ್ದರಿಂದ. ವಾಲಿಯ ಪ್ರಸಂಗವನ್ನೇ ನೋಡಬಹುದು. ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲ್ಮೀಕಿಯ ವಾಲಿ ಕೇಳುತ್ತಾನೆ: ನಿನಗೆ ನಾನೇನು ಕೆಡುಕು ಮಾಡಿದ್ದೆ? ಎದುರು ನಿಂತು ಯಾಕೆ ಹೋರಾಡಲಿಲ್ಲ? ನನ್ನನ್ನೇ ಕೇಳಿದ್ದರೆ ಸೀತೆಯನ್ನು ತಂದೊಪ್ಪಿಸುತ್ತಿರಲಿಲ್ಲವೇ? ರಾಮನ ಉತ್ತರದಲ್ಲಿ ಎರಡು ಮುಖ್ಯ ಎಳೆಗಳಿವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ನಿನ್ನನ್ನು ಭರತನ ಆಳ್ವಿಕೆಯ ಪರವಾಗಿ ದಂಡಿಸಿದೆ ಎಂಬುದು ಒಂದು. ನೀನು ಕಪಿ, ಬೇಟೆಯಲ್ಲಿ ಪ್ರಾಣಿಯನ್ನು ಮರೆಯಿಂದ ಹೊಡೆಯುವುದು ರೂಢಿ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಇಡುವುದು ಕಷ್ಟ. ಧರ್ಮಕ್ಕೆ ಹೊಣೆಗಾರನಾದವನು ಬೇಟೆಯ ಪ್ರಾಣಿಯಾಗಲಾರ; ಬೇಟೆಯ ಪ್ರಾಣಿಗೆ ಪರಸ್ತ್ರೀಸಂಗದ ಪಾಪ ಹೊರಿಸಲಾಗದು. ಒಳ್ಳೆಯ ವಾಲಿ ಈ ಬಿರುಕಿಗೇ ಕೈ ಹಾಕುತ್ತಾನೆ, ಒಳ್ಳೆಯ ರಾಮ ಅದಕ್ಕೆ ಉತ್ತರ ಹುಡುಕುತ್ತಾನೆ. ಕೇಳುವವರಿಗೆ ಕಥೆಯ ಕೊನೆ ಮೊದಲೇ ಗೊತ್ತು, ಪ್ರತಿ ಯುಕ್ತಿಯ ಗುರುತೂ ಇದೆ. ಆದರೂ ಬೆಳಗಿನತನಕ ಕೂತು ಕಣ್ಣೀರು ಹಾಕುತ್ತಾರೆ, ಮರುದಿನ ವಾದದ ಗಟ್ಟಿತನ ತೂಗುತ್ತಾರೆ. ತಂತ್ರವನ್ನು ಬಲ್ಲವರಿಗೆ ಮಾತು ನಾಟುವುದಿಲ್ಲ ಎಂಬ ನಂಬಿಕೆ ಈ ಸಭೆಯ ಮುಂದೆ ಬಿದ್ದುಹೋಗುತ್ತದೆ.

ಮೂರು ಆಧಾರಗಳು, ಎರಡು ಬಳಕೆಗಳು

ಅರಿಸ್ಟಾಟಲ್ ಹೇಳಿದ ಮೂರು ಆಧಾರಗಳಲ್ಲಿ ಪ್ರತಿಯೊಂದಕ್ಕೂ ತೆರೆದ ಬಳಕೆಯೂ ಇದೆ, ಮುಚ್ಚಿದ ಬಳಕೆಯೂ ಇದೆ. ಆಡುವವನ ಮೇಲಿನ ನಂಬಿಕೆಯನ್ನು ತೆಗೆದುಕೊಳ್ಳೋಣ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ವಿಚಾರಣೆಗೆ ನಿಂತ ಗಾಂಧೀಜಿ ಆರೋಪವನ್ನು ಪೂರ್ತಿ ಒಪ್ಪಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಎದುರು ಅವರು ಇಟ್ಟದ್ದು ಎರಡೇ ದಾರಿ: ಈ ಕಾನೂನು ಕೆಟ್ಟದ್ದೆನಿಸಿದರೆ ರಾಜೀನಾಮೆ ಕೊಡಿ, ಒಳ್ಳೆಯದೆನಿಸಿದರೆ ಅತಿ ಕಠಿಣ ಶಿಕ್ಷೆ ಕೊಡಿ. ತನ್ನ ಹಿತಕ್ಕೆ ವಿರುದ್ಧವಾಗಿ ಮಾತನಾಡುವವನನ್ನು ಸುಳ್ಳುಗಾರನೆನ್ನುವುದು ಕಷ್ಟ. ಆರು ವರ್ಷಗಳ ಸಜೆ ವಿಧಿಸಿದ ನ್ಯಾಯಾಧೀಶರೇ, ಸರ್ಕಾರ ಅದನ್ನು ಕಡಿಮೆ ಮಾಡಿದರೆ ತನಗಿಂತ ಸಂತೋಷಪಡುವವರು ಇರಲಾರರೆಂಬ ಅರ್ಥದ ಮಾತನ್ನಾಡಿದರು. ಇದೂ ತಂತ್ರವೇ. ಆದರೆ ಇಲ್ಲಿ ವ್ಯಕ್ತಿತ್ವದ ಭಾರ ವಾದದ ಮೇಲೆ ಪರದೆ ಎಳೆಯುವುದಿಲ್ಲ, ಆ ಕಾನೂನನ್ನು ಪರೀಕ್ಷಿಸಿ ಎಂದು ಒತ್ತಾಯಿಸುತ್ತದೆ. ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನಲ್ಲಿ ಬಿಳಿ ಕೋಟು ತೊಟ್ಟು ನಿಲ್ಲುವ ನಟನಿಗೂ ನಂಬಿಕೆಯೇ ಬಂಡವಾಳ. ಅವನು ವೈದ್ಯನಲ್ಲ ಎಂದು ತಿಳಿದ ಕ್ಷಣ ಆ ಮಾತಿನ ಬೆಲೆ ಹೋಗುತ್ತದೆ.

ತರ್ಕಕ್ಕೂ ಇದೇ ಮಾತು. ಮೋಡ ಕಟ್ಟಿದೆ, ಕೊಡೆ ತಗೊಂಡು ಹೋಗು ಎನ್ನುವಾಗ ಮೋಡ ಕಟ್ಟಿದರೆ ಮಳೆ ಬರುತ್ತದೆ ಎಂಬ ಕೊಂಡಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವನೇ ತುಂಬಿಕೊಳ್ಳುತ್ತಾನೆ. ದಿನನಿತ್ಯದ ಮಾತೆಲ್ಲ ನಡೆಯುವುದು ಹೀಗೆ ಕೊಂಡಿ ಬಿಟ್ಟ ವಾದದಿಂದ. ಆದರೆ ಅವನು ಹಳ್ಳಿಯವನು, ಇದೆಲ್ಲ ಅವನಿಗೇನು ಗೊತ್ತು ಎಂಬ ಮಾತಿನಲ್ಲೂ ಹೇಳದೆ ಬಿಟ್ಟ ಕೊಂಡಿಯಿದೆ. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಆ ಕೊಂಡಿಯನ್ನು ಬರೆದು ತೋರಿಸಿದರೆ ಹೇಳಿದವನೇ ನಾಚಿಕೊಂಡಾನು. ಪೂರ್ವಗ್ರಹ ಅಡಗುವ ಜಾಗ ಅದೇ. ಗಾದೆಗಳೂ ಇಂಥ ಸಿದ್ಧ ಕೊಂಡಿಗಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ದುಡಿಮೆಯ ಪರವಾಗಿ ಹೇಳುವ ಬಾಯೇ ಹಣೆಬರಹಕ್ಕೆ ಹೊಣೆ ಯಾರು ಎಂದೂ ಹೇಳುತ್ತದೆ. ಗಾದೆ ವಾದಕ್ಕೆ ಹೊಳಪು ಕೊಡಬಲ್ಲದೇ ಹೊರತು ವಾದವನ್ನು ತೀರ್ಮಾನಿಸಲಾರದು.

ವಾಕ್ಯದ ಕಟ್ಟಡವೇ ಕೆಲವೊಮ್ಮೆ ವಾದ ಹೂಡುತ್ತದೆ. ಕಚೇರಿಗಳ ಪತ್ರಗಳಲ್ಲಿ ಮತ್ತೆಮತ್ತೆ ಬರುವ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಯಾರು ಕೈಗೊಳ್ಳುತ್ತಾರೆ, ಯಾವಾಗ, ಏನು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರವಿಲ್ಲ. ಓದಿದವನಿಗೆ ಮಾತ್ರ ಉತ್ತರ ಸಿಕ್ಕಿತೆನಿಸುತ್ತದೆ. ಸುದ್ದಿಯ ತಲೆಬರಹಕ್ಕೆ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿ ಆರೋಪವನ್ನು ಹೊರಿಸಿಯೂ ಹೊರಿಸದಂತೆ ಇರುವುದು ಇನ್ನೊಂದು ಉಪಾಯ. ಇವು ಕಾವ್ಯದ ಅಲಂಕಾರಗಳಷ್ಟು ಕಣ್ಣಿಗೆ ಬೀಳುವುದಿಲ್ಲ. ಭಾಷಣದ ಪುನರುಕ್ತಿ, ವಿರೋಧದ ಜೋಡಿ, ಮೂರರ ಸರಣಿ, ಉತ್ತರ ಬೇಡದ ಪ್ರಶ್ನೆ ಇವೆಲ್ಲ ತಾವು ಅಲಂಕಾರವೆಂದು ಸಾರಿಕೊಂಡೇ ಬರುತ್ತವೆ, ಕೇಳುಗ ಎಚ್ಚರವಾಗಿರಬಹುದು. ಸಪ್ಪೆಯಾಗಿ ಕಾಣುವ ಗದ್ಯದ ತಂತ್ರ ಎಚ್ಚರವನ್ನೇ ಮಲಗಿಸುತ್ತದೆ. ಹಾಗಾಗಿ ಬಣ್ಣದ ಮಾತಿಗಿಂತ ಬಣ್ಣವಿಲ್ಲದ ಮಾತನ್ನು ಹೆಚ್ಚು ಪರೀಕ್ಷಿಸಬೇಕಾಗುತ್ತದೆ.

ಎದುರು ಪಕ್ಷಕ್ಕೆ ಜಾಗ ಕೊಡುವುದು ದೌರ್ಬಲ್ಯವಲ್ಲ, ಬಲವಾದ ತಂತ್ರ ಎನ್ನಲು ಡಾ. ಬಿ.ಆರ್. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಸಾಕ್ಷಿ. ಅವರು ಆರಂಭದಲ್ಲೇ ಶ್ರೇಯಸ್ಸನ್ನು ಹಂಚಿದರು. ಸಂವಿಧಾನ ಸಲಹೆಗಾರ, ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಅವರನ್ನು ಹೆಸರಿಸಿ ನೆನೆದರು. ಎಚ್.ವಿ. ಕಾಮತ್ ಮುಂತಾದ ಬಂಡಾಯದ ಸದಸ್ಯರ ಸಲಹೆಗಳನ್ನು ಒಪ್ಪಲಾಗದಿದ್ದರೂ, ಅವರು ಎತ್ತಿದ ಆಕ್ಷೇಪಗಳಿಂದಲೇ ಸಂವಿಧಾನದ ತತ್ವಗಳನ್ನು ವಿವರಿಸುವ ಅವಕಾಶ ಸಿಕ್ಕಿತೆಂದು ಕೃತಜ್ಞತೆ ಹೇಳಿದರು. ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದಾಗುತ್ತದೆ ಎಂದು ತಮ್ಮ ಕೃತಿಯ ಮಿತಿಯನ್ನು ತಾವೇ ಒಪ್ಪಿದರು. ಇಷ್ಟಾದ ಮೇಲೆ, 1950ರ ಜನವರಿ 26ರಂದು ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ-ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ ದೇಶ ಕಾಲಿಡುತ್ತಿದೆ ಎಂಬ ಎಚ್ಚರಿಕೆ ಬಂತು. ಮೊದಲು ತೋರಿದ ಪ್ರಾಮಾಣಿಕತೆಯೇ ಕೊನೆಯ ಎಚ್ಚರಿಕೆಗೆ ತೂಕ ಕೊಟ್ಟಿತು.

ಪ್ರಚಾರ ಮತ್ತು ಪ್ರಯೋಗಶಾಲೆ

20ನೇ ಶತಮಾನದಲ್ಲಿ ರೇಡಿಯೊ, ಸಿನಿಮಾ, ಜಾಹೀರಾತು ಸೇರಿ ಮನವೊಲಿಕೆಯನ್ನು ಉದ್ಯಮವಾಗಿಸಿದವು. 1929ರ ಈಸ್ಟರ್ ಮೆರವಣಿಗೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಯುವತಿಯರು ಸಿಗರೇಟು ಹೊತ್ತಿಸಿದ್ದು ಸ್ತ್ರೀಸಮಾನತೆಯ ಸುದ್ದಿಯಾಗಿ ಪತ್ರಿಕೆಗಳಿಗೆ ಹೋಯಿತು. ಹಿಂದಿದ್ದವರು ಸಾರ್ವಜನಿಕ ಸಂಪರ್ಕತಜ್ಞ ಎಡ್ವರ್ಡ್ ಬರ್ನೇಸ್ ಮತ್ತು ತಂಬಾಕು ಕಂಪನಿ. ಆ ಕೈ ಅಂದೇ ಕಂಡಿದ್ದರೆ ಅದು ಜಾಹೀರಾತಾಗಿ ಉಳಿಯುತ್ತಿತ್ತು, ಚಳವಳಿಯಾಗಿ ಅಲ್ಲ. 1937ರಲ್ಲಿ ನ್ಯೂಯಾರ್ಕಿನಲ್ಲೇ ಹುಟ್ಟಿದ ಪ್ರಚಾರ ವಿಶ್ಲೇಷಣೆಯ ಸಂಸ್ಥೆಯೊಂದು ಜನಸಾಮಾನ್ಯರಿಗಾಗಿ ಏಳು ತಂತ್ರಗಳ ಪಟ್ಟಿ ಹೊರಡಿಸಿತು: ಹೆಸರಿಟ್ಟು ಜರಿಯುವುದು, ಹೊಳಪಿನ ಪೊಳ್ಳು ಪದ, ಇನ್ನೊಂದರ ಗೌರವವನ್ನು ತನ್ನದಕ್ಕೆ ಅಂಟಿಸುವುದು, ಗಣ್ಯರ ಶಿಫಾರಸು, ನಾನೂ ನಿಮ್ಮಂಥವನೇ ಎನ್ನುವುದು, ಬೇಕಾದ ಸಂಗತಿಗಳನ್ನಷ್ಟೇ ಆಯ್ದು ಜೋಡಿಸುವುದು, ಎಲ್ಲರೂ ಹೊರಟಿದ್ದಾರೆ ನೀವೂ ಬನ್ನಿ ಎನ್ನುವುದು. ಮೊದಲನೆಯದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ರುವಾಂಡ ನಿದರ್ಶನ. 1994ರ ನರಮೇಧಕ್ಕೆ ಮುಂಚಿನಿಂದಲೂ ಅಲ್ಲಿನ ಒಂದು ಖಾಸಗಿ ರೇಡಿಯೊ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯುತ್ತ ಬಂತು. ಜಿರಳೆಯೊಡನೆ ಯಾರೂ ವಾದಿಸುವುದಿಲ್ಲ. ಆ ಒಂದು ಹೆಸರು ಎದುರು ಮಾತಿನ ಜಾಗವನ್ನೇ ಅಳಿಸಿತು. ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಆ ಪ್ರಸಾರದ ಹಿಂದಿದ್ದವರನ್ನು ಅಪರಾಧಿಗಳೆಂದು ತೀರ್ಪಿತ್ತಿತು.

ಪ್ರಯೋಗಶಾಲೆಯ ಮನೋವಿಜ್ಞಾನ ಹಳೆಯ ಅನುಭವಕ್ಕೆ ಅಂಕಿಅಂಶ ಸೇರಿಸಿತು. ಏಮೊಸ್ ಟ್ವರ್ಸ್ಕಿ ಮತ್ತು ಡ್ಯಾನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 600 ಜನರ ಜೀವಕ್ಕೆ ಕುತ್ತು ತರುವ ರೋಗಕ್ಕೆ ಎರಡು ಪರಿಹಾರಗಳಲ್ಲಿ ಒಂದನ್ನು ಆರಿಸಬೇಕಿತ್ತು. ಖಚಿತ ಪರಿಹಾರದಿಂದ 200 ಜನ ಉಳಿಯುತ್ತಾರೆ ಎಂದಾಗ ಶೇ. 72 ಮಂದಿ ಅದನ್ನು ಒಪ್ಪಿದರು; ಅದೇ ಪರಿಹಾರವನ್ನು 400 ಜನ ಸಾಯುತ್ತಾರೆ ಎಂದು ಹೇಳಿದಾಗ ಒಪ್ಪಿದವರು ಶೇ. 22. ಲೆಕ್ಕ ಒಂದೇ, ಹೇಳಿದ ರೀತಿ ಬೇರೆ. ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1965ರಲ್ಲಿ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಭಯ ಹುಟ್ಟಿಸುವ ಕಿರುಹೊತ್ತಗೆ ಕೊಟ್ಟರು. ಭಯ ಅವರ ಅಭಿಪ್ರಾಯವನ್ನು ಬದಲಿಸಿತು, ಆದರೆ ಲಸಿಕೆ ಹಾಕಿಸಿಕೊಂಡವರು ಶೇ. 3ರಷ್ಟೇ. ಆರೋಗ್ಯಕೇಂದ್ರ ಎಲ್ಲಿದೆ, ಯಾವಾಗ ಹೋಗಬೇಕು ಎಂಬ ನಕ್ಷೆ ಮತ್ತು ಸೂಚನೆ ಸೇರಿಸಿದಾಗ ಆ ಪ್ರಮಾಣ ಶೇ. 28ಕ್ಕೆ ಏರಿತು. ಭಾವವೊಂದೇ ಯಾರನ್ನೂ ದೂರ ಒಯ್ಯುವುದಿಲ್ಲ. ದಾರಿ ತೋರಿಸಿದ ಭಾವ ಒಯ್ಯುತ್ತದೆ.

ಆಕ್ಷೇಪಗಳು

ಮೊದಲ ಆಕ್ಷೇಪ ಪ್ಲೇಟೊನದೇ: ಸತ್ಯವನ್ನು ಸರಳವಾಗಿ ಹೇಳಿದರೆ ಸಾಲದೇ? 1690ರಲ್ಲಿ ತತ್ವಜ್ಞಾನಿ ಜಾನ್ ಲಾಕ್ ಕೂಡ ಆಲಂಕಾರಿಕ ಮಾತನ್ನು ವಂಚನೆಯೆಂದೇ ಖಂಡಿಸಿದರು. ಆದರೆ ಟ್ವರ್ಸ್ಕಿ-ಕಾನಮನ್ ಪ್ರಯೋಗದ 200 ಉಳಿಯುತ್ತಾರೆ, 400 ಸಾಯುತ್ತಾರೆ ಎಂಬ ಎರಡೂ ವಾಕ್ಯಗಳು ಸರಳವೇ, ಎರಡೂ ಸತ್ಯವೇ. ಯಾವುದನ್ನು ಹೇಳಿದರೂ ಆಯ್ಕೆ ನಡೆದುಹೋಗಿದೆ. ಪ್ರಾಮಾಣಿಕನು ಇಲ್ಲಿ ಮಾಡಬಹುದಾದದ್ದು ಎರಡನ್ನೂ ಹೇಳುವುದು, ಅಂದರೆ ಆಯ್ಕೆಯನ್ನು ಬಯಲಿಗಿಡುವುದು. ಪ್ಲೇಟೊ ತಾನೇ ಕಥೆ, ರೂಪಕ, ಸಂವಾದಗಳ ಮಹಾಕುಶಲಿಯಾಗಿದ್ದ; ಫೀಡ್ರಸ್ ಸಂವಾದದಲ್ಲಿ ಸತ್ಯವನ್ನೂ ಕೇಳುಗನ ಮನಸ್ಸನ್ನೂ ಅರಿತ ಒಳ್ಳೆಯ ಭಾಷಣಕಲೆ ಸಾಧ್ಯವೆಂದು ಒಪ್ಪಿದ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ತೆರೆದ ವಾದ, ಶಾಂತ ಪರೀಕ್ಷೆ ಎಂಬ ಅಳತೆ ಓದಿದವರಿಗೆ, ಉಳ್ಳವರಿಗೆ ಅನುಕೂಲ. ತುಳಿತಕ್ಕೊಳಗಾದವರ ಬಳಿ ಇರುವುದು ಸಿಟ್ಟು, ಕೂಗು, ಹಾಡು ಮಾತ್ರ ಎಂಬುದು ಅದರ ಸಾರ. 1975ರಲ್ಲಿ ಬಂದ ಕವಿ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಕರ್ನಾಟಕದ ದಲಿತ ಚಳವಳಿಯ ದನಿಯಾದದ್ದು ತಣ್ಣನೆಯ ತರ್ಕದಿಂದಲ್ಲ. ಆದರೆ ತೆರೆದಿರುವುದಕ್ಕೂ ತಣ್ಣಗಿರುವುದಕ್ಕೂ ಸಂಬಂಧವಿಲ್ಲ. ಆ ಸಿಟ್ಟು ತನ್ನ ಕಾರಣವನ್ನು ಬಚ್ಚಿಡುವುದಿಲ್ಲ. ಹಸಿವು, ದುಡಿಮೆ, ಅವಮಾನ ನಿಜವೇ ಎಂದು ಯಾರು ಬೇಕಾದರೂ ಕೇರಿಗೆ ಹೋಗಿ ನೋಡಬಹುದು, ನೋಡಿದವರಿಗೆ ಸಿಟ್ಟು ಇಮ್ಮಡಿಸುತ್ತದೆ. ಪರೀಕ್ಷೆಯಿಂದ ಬಲವಾಗುವ ಭಾವ ನ್ಯಾಯದ ಭಾವ. ಮುಚ್ಚಿದ ಮಾತು ಬಹುಪಾಲು ತಣ್ಣಗೆಯೇ ಇರುತ್ತದೆ, ಅಧಿಕಾರದ ಕಡೆಯಿಂದ ಬರುತ್ತದೆ.

ಮೂರನೆಯದು ಸದುದ್ದೇಶದ ಆಕ್ಷೇಪ: ಜನರ ಆರೋಗ್ಯಕ್ಕಾಗಿ, ಒಳಿತಿಗಾಗಿ ಗುಟ್ಟಿನ ತಂತ್ರ ಬಳಸಿದರೆ ತಪ್ಪೇನು? ಆದರೆ ಲೆವೆಂಥಾಲ್ ಪ್ರಯೋಗದಲ್ಲಿ ಕೆಲಸ ಮಾಡಿದ್ದು ನಕ್ಷೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಒಳಿತಿಗೆಂದು ಹೇಳಿದ ಒಂದು ಸುಳ್ಳು ಸಿಕ್ಕಿಬಿದ್ದರೆ, ಮುಂದಿನ ಹತ್ತು ಸತ್ಯಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

ನಾಲ್ಕನೆಯ ಆಕ್ಷೇಪದಲ್ಲಿ ಹುರುಳಿದೆ. ತಂತ್ರವನ್ನು ಗುರುತಿಸಿದ ಮಾತ್ರಕ್ಕೆ ಅದರಿಂದ ಪಾರಾಗುತ್ತೇವೆಯೇ? ಪದೇಪದೇ ಕೇಳಿದ ಹೇಳಿಕೆ ಹೆಚ್ಚು ನಿಜವೆನಿಸುತ್ತದೆ ಎಂದು 1977ರ ಪ್ರಯೋಗವೊಂದು ತೋರಿಸಿತ್ತು. ಸರಿಯಾದ ಉತ್ತರ ಗೊತ್ತಿರುವವರ ಮೇಲೂ ಈ ಪರಿಣಾಮ ಆಗಬಲ್ಲದೆಂದು 2015ರ ಅಧ್ಯಯನ ಸೇರಿಸಿತು. ಮನೋವಿಜ್ಞಾನಿ ವಿಲಿಯಂ ಮಗೈರ್ 1960ರ ದಶಕದಲ್ಲಿ ತೋರಿಸಿದಂತೆ, ಎದುರು ವಾದದ ದುರ್ಬಲ ರೂಪವನ್ನು ಮೊದಲೇ ಪರಿಚಯಿಸಿ ಖಂಡಿಸಿಟ್ಟರೆ ಮುಂದಿನ ಪ್ರಚಾರಕ್ಕೆ ಜನ ಸುಲಭವಾಗಿ ಬಗ್ಗುವುದಿಲ್ಲ. ಆದರೂ ಒಬ್ಬೊಬ್ಬರ ಎಚ್ಚರವನ್ನಷ್ಟೇ ನಂಬಿಕೊಳ್ಳುವಂತಿಲ್ಲ. ಆದ್ದರಿಂದಲೇ ನ್ಯಾಯಾಲಯದಲ್ಲಿ ಪಾಟೀಸವಾಲಿದೆ, ಶಾಸನಸಭೆಯಲ್ಲಿ ವಿರೋಧಪಕ್ಷವಿದೆ, ಪತ್ರಿಕೆಯಲ್ಲಿ ಓದುಗರ ಪತ್ರಕ್ಕೆ ಅಂಕಣವಿದೆ. ಭಾರತದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟದ 13 ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದ್ದೂ ಇದೇ ಸಾಲಿನದು. ಎರಡೇ ಉಳಿದಿವೆ, ಬೇಗ ಕೊಳ್ಳಿ ಎಂಬ ಹುಸಿ ತುರ್ತು ಆ ಪಟ್ಟಿಯಲ್ಲಿದೆ. ಯೋಚಿಸುವ ಸಮಯವನ್ನು ಕದಿಯುವುದು ತಪ್ಪೆಂದು ಆಡಳಿತವೂ ಒಪ್ಪಿದಂತಾಯಿತು.

ಭಾರತೀಯ ಶಾಸ್ತ್ರಕಾರರು ಈ ಎಲ್ಲಕ್ಕೂ ಒಂದು ಸರಳ ಶಿಸ್ತನ್ನು ರೂಢಿಸಿದ್ದರು, ಅದು ಪೂರ್ವಪಕ್ಷ. ತಾನು ಖಂಡಿಸಲಿರುವ ಮತವನ್ನು ಅದರವರೇ ಒಪ್ಪುವಷ್ಟು ಬಲವಾಗಿ ಮೊದಲು ಹೇಳಬೇಕು, ಬಳಿಕ ಸಿದ್ಧಾಂತ. ಮೇಲುಕೋಟೆಯೊಂದಿಗೆ ನಂಟು ಹೊಂದಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಅದ್ವೈತಕ್ಕೆ ಬರೆದ ಮಹಾಪೂರ್ವಪಕ್ಷ ಇದರ ದೊಡ್ಡ ಮಾದರಿ. ನಮ್ಮ ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಇಂದಿಗೂ ಪರ, ವಿರೋಧ ಎಂದು ಮಕ್ಕಳನ್ನು ಎರಡು ಸಾಲು ಮಾಡಿ, ಗಟ್ಟಿ ದನಿಯವರಿಗೆ ಬಹುಮಾನ ಕೊಡುವ ರೂಢಿಯಿದೆ. ಎದುರು ಪಕ್ಷದ ಅತ್ಯುತ್ತಮ ವಾದವನ್ನು ಸರಿಯಾಗಿ ಹೇಳಿ, ಆಮೇಲೆ ಉತ್ತರಿಸಿದವರಿಗೆ ಅಂಕ ಕೊಡುವ ನಿಯಮ ತಂದರೆ ಸಾಕು, ಮನವೊಲಿಕೆಯ ವಿದ್ಯೆ ಮತ್ತು ಅದರ ನೀತಿ ಎರಡನ್ನೂ ಒಂದೇ ಪಾಠದಲ್ಲಿ ಕಲಿಸಿದಂತಾಗುತ್ತದೆ. ಶಿಕ್ಷಕರು ಇದನ್ನು ಈ ವರ್ಷವೇ ಆರಂಭಿಸಬಹುದು.